ನಾಯಿಯ ‘ತಪ್ಪಾಯ್ತು’ ಮುಖ

ದಿಂಬು ಹರಿದು ಹತ್ತಿ ಹಾಲ್ ತುಂಬ ಹರಡಿದೆ. ಬಾಗಿಲು ತೆಗೆದವರು ಹೊಸ್ತಿಲಲ್ಲೇ ನಿಂತುಬಿಟ್ಟಿದ್ದಾರೆ. ನಾಯಿ ಮೂಲೆಯಲ್ಲಿ ಕಿವಿ ಹಿಂದಕ್ಕೆ ಒರಗಿಸಿ, ಬಾಲವನ್ನು ಕಾಲಸಂದಿಗೆ ಸೇರಿಸಿ, ನೋಟ ತಪ್ಪಿಸುತ್ತಾ ಕೂತಿದೆ. ‘ನೋಡು, ಮಾಡಿದ್ದು ತಪ್ಪು ಅಂತ ಅದಕ್ಕೂ ಗೊತ್ತು’ ಎಂಬ ಮಾತು ತಾನಾಗಿ ಬಾಯಿಗೆ ಬರುತ್ತದೆ.

ಅದಕ್ಕೆ ಗೊತ್ತಿರುವುದು ಬೇರೆ. 2009ರಲ್ಲಿ ನಾಯಿಗಳ ವರ್ತನೆ ಅಧ್ಯಯನ ಮಾಡುವ ವಿಜ್ಞಾನಿ ಅಲೆಕ್ಸಾಂಡ್ರಾ ಹೊರೊವಿಟ್ಜ್ 14 ನಾಯಿಗಳನ್ನಿಟ್ಟುಕೊಂಡು ಒಂದು ಸಣ್ಣ, ಆದರೆ ಜಾಣ ಪ್ರಯೋಗ ಮಾಡಿದರು. ಸಾಕಿದವರು ತಿಂಡಿ ತೋರಿಸಿ ‘ಮುಟ್ಟಬೇಡ’ ಎಂದು ಹೇಳಿ ಹೊರಗೆ ಹೋಗಬೇಕು. ಅವರಿಲ್ಲದಾಗ ಕೆಲವು ಸಲ ಪ್ರಯೋಗ ಮಾಡುವವರೇ ನಾಯಿಗೆ ತಿಂಡಿ ತಿನ್ನಿಸುತ್ತಾರೆ, ಕೆಲವು ಸಲ ತೆಗೆದಿಡುತ್ತಾರೆ. ವಾಪಸ್ ಬಂದವರಿಗೆ ಒಮ್ಮೆ ನಿಜ ಹೇಳುತ್ತಾರೆ, ಒಮ್ಮೆ ಸುಳ್ಳು. ನಾಯಿ ತಿಂದಿದೆ ಎಂದು ಕೇಳಿದವರು ಅದಕ್ಕೆ ಬೈಯುತ್ತಾರೆ. ತಪ್ಪಿತಸ್ಥ ಮುಖಕ್ಕೂ ತಿಂಡಿ ತಿಂದದ್ದಕ್ಕೂ ಸಂಬಂಧವೇ ಸಿಗಲಿಲ್ಲ. ಬೈಸಿಕೊಂಡದ್ದಕ್ಕೆ ಮಾತ್ರ ಸಂಬಂಧವಿತ್ತು. ಏನೂ ತಿನ್ನದೆ ಸುಮ್ಮನೆ ಬೈಸಿಕೊಂಡಾಗ ಆ ಮುಖ ಇನ್ನೂ ಜೋರಾಗಿತ್ತು.

‘ನಾವು ಬೈಯುವ ಮೊದಲೇ ಹಾಗೆ ಕೂತಿತ್ತಲ್ಲ’ ಎಂಬ ಪ್ರಶ್ನೆ ನ್ಯಾಯವಾದದ್ದೇ. ನೆಲದ ಮೇಲೆ ಹತ್ತಿ, ಬಾಗಿಲಲ್ಲಿ ಮನುಷ್ಯ: ಈ ಎರಡೂ ಒಟ್ಟಿಗೆ ಬಂದಾಗ ಗಲಾಟೆ ಆಗುತ್ತದೆ ಎಂಬುದನ್ನು ಎರಡು ಮೂರು ಸಲದಲ್ಲೇ ನಾಯಿ ಕಲಿತಿರುತ್ತದೆ. ಜೊತೆಗೆ ನೀವು ಹೊಸ್ತಿಲಲ್ಲಿ ಹೇಗೆ ನಿಂತಿರಿ, ಉಸಿರು ಹೇಗೆ ಎಳೆದುಕೊಂಡಿರಿ ಎಂಬುದನ್ನೂ ಅದು ನೋಡಿಯಾಗಿದೆ. ಅದು ಮಾಡುತ್ತಿರುವುದು ಪಶ್ಚಾತ್ತಾಪವಲ್ಲ, ನಿಮ್ಮನ್ನು ತಣ್ಣಗಾಗಿಸುವ ಪ್ರಯತ್ನ. ಅಂದರೆ ನಾಯಿ ನಿಮ್ಮನ್ನು ಸರಿಯಾಗಿಯೇ ಓದಿತು. ತಪ್ಪಾಗಿ ಓದಿದವರು ನೀವು. ಭಾವನೆಗಳ ವಿಷಯದಲ್ಲಿ ನಾಯಿಯನ್ನೂ ಮನುಷ್ಯರನ್ನೂ ಹೋಲಿಸಲು ಹೊರಟವರು ನಾಯಿಯನ್ನಷ್ಟೇ ಪರೀಕ್ಷೆಗೆ ಕೂರಿಸುತ್ತಾರೆ. ನನ್ನ ಪ್ರಕಾರ ಎರಡೂ ಕಡೆಯವರನ್ನು ಕೂರಿಸಬೇಕು.

ನಾಯಿಯ ಅಂಕಪಟ್ಟಿ ಚೆನ್ನಾಗಿಯೇ ಇದೆ. ನಗುವ ಮುಖ, ಸಿಟ್ಟಿನ ಮುಖ ಎರಡನ್ನೂ ಫೋಟೋದಲ್ಲೇ ಬೇರೆ ಮಾಡಬಲ್ಲವು ಎಂದು 2015ರಲ್ಲಿ ವಿಯೆನ್ನಾದ ತಂಡವೊಂದು ತೋರಿಸಿತು. ಮುಖದ ಮೇಲ್ಭಾಗ ಅಥವಾ ಕೆಳಭಾಗ ಮಾತ್ರ ತೋರಿಸಿ ಕಲಿಸಿ, ಆಮೇಲೆ ಉಳಿದರ್ಧ ತೋರಿಸಿದರೂ ಗುರುತಿಸಿದವು. ಬರೀ ಹಲ್ಲು ಕಾಣುತ್ತದೋ ಇಲ್ಲವೋ ಎಂದು ನೋಡುವ ಪ್ರಾಣಿಗೆ ಇದು ಆಗದು. ಮರುವರ್ಷ ಇನ್ನೊಂದು ಅಧ್ಯಯನ ಮುಖದ ಜೊತೆ ದನಿಯನ್ನೂ ಸೇರಿಸಿತು: ಕೇಳುತ್ತಿರುವ ದನಿಗೆ ಹೊಂದುವ ಮುಖವನ್ನೇ ನಾಯಿಗಳು ಹೆಚ್ಚು ಹೊತ್ತು ನೋಡಿದವು. ಅದೇ 2016ರಲ್ಲಿ ಬುಡಾಪೆಸ್ಟಿನಲ್ಲಿ ಸಂಶೋಧಕ ಅಟಿಲಾ ಆಂಡಿಚ್ ಮತ್ತು ಸಂಗಡಿಗರು, ಎಂಆರ್‌ಐ ಯಂತ್ರದಲ್ಲಿ ಅಲುಗಾಡದೆ ಮಲಗಲು ತರಬೇತಾದ 13 ನಾಯಿಗಳಿಗೆ ಹೊಗಳಿಕೆ ಕೇಳಿಸಿದರು. ಹೊಗಳುವ ಪದವೂ ಹೊಗಳುವ ದನಿಯೂ ಎರಡೂ ಕೂಡಿ ಬಂದಾಗ ಮಾತ್ರ ಮೆದುಳಿನ ಖುಷಿಯ ಭಾಗ ಎಚ್ಚೆತ್ತುಕೊಂಡಿತು. ಫೋನ್ ನೋಡುತ್ತಾ ಸಪ್ಪೆ ದನಿಯಲ್ಲಿ ‘ಗುಡ್ ಬಾಯ್’ ಅಂದರೆ ತರಬೇತಿ ಯಾಕೆ ಮುಂದೆ ಸಾಗುವುದಿಲ್ಲ ಎಂಬುದಕ್ಕೆ ಅರ್ಧ ಉತ್ತರ ಇಲ್ಲೇ ಇದೆ.

ಮೂಗಿನ ವಿಷಯಕ್ಕೆ ಬಂದರೆ ಸ್ಪರ್ಧೆಯೇ ಇಲ್ಲ. 2022ರಲ್ಲಿ ಬೆಲ್‌ಫಾಸ್ಟಿನಲ್ಲಿ 36 ಜನರಿಗೆ 9000ದಿಂದ 17 ಕಳೆಯುತ್ತಾ ಹೋಗುವ ಕಷ್ಟದ ಲೆಕ್ಕ ಕೊಟ್ಟು, ಲೆಕ್ಕದ ಮೊದಲು ಮತ್ತು ನಂತರದ ಬೆವರು, ಉಸಿರಿನ ಮಾದರಿ ತೆಗೆದರು. 4 ನಾಯಿಗಳು ಒತ್ತಡದ ವಾಸನೆಯನ್ನು ಶೇ. 93.75ರಷ್ಟು ಸಲ ಸರಿಯಾಗಿ ಆರಿಸಿದವು. ಮುಖದಲ್ಲಿ ನಗು ಇಟ್ಟುಕೊಂಡು ಒಳಗೆ ಕುದಿಯುವುದು ಮನುಷ್ಯರ ಮುಂದೆ ನಡೆಯುತ್ತದೆ, ನಾಯಿಯ ಮುಂದೆ ಕಷ್ಟ.

ಹಾಗಂತ ನಾಯಿ ಮನುಷ್ಯರಿಗಿಂತ ಮೇಲು ಎಂದು ಹೇಳುವವರ ಸಾಲಿನಲ್ಲಿ ನಾನಿಲ್ಲ. ನಿಮ್ಮ ಸಿಟ್ಟು ಅದಕ್ಕೆ ತಿಳಿಯುತ್ತದೆ, ಸಿಟ್ಟಿನ ಕಾರಣ ತಿಳಿಯುವುದಿಲ್ಲ. ಮಧ್ಯಾಹ್ನ ಹರಿದ ದಿಂಬಿಗೆ ಸಂಜೆ ಬೈದರೆ, ಅದು ಬೈಗುಳಕ್ಕೆ ತಳುಕು ಹಾಕುವುದು ನಿಮ್ಮ ಬರುವಿಕೆಯನ್ನು. ತನ್ನ ಭಾವನೆಗೆ ಹೆಸರಿಡುವುದು, ‘ಈಗ ಹೆದರಿಕೆ ಇದೆ, ಆಮೇಲೆ ಸರಿಹೋಗುತ್ತದೆ’ ಎಂದು ತನಗೆ ತಾನೇ ಹೇಳಿಕೊಳ್ಳುವುದು ಮಾತು ಕಲಿತ ಮನುಷ್ಯರ ಸಾಮರ್ಥ್ಯಗಳು. ‘ಎರಡು ವರ್ಷದ ಮಗುವಿನಷ್ಟು ಬುದ್ಧಿ’ ಎಂಬ ಹೋಲಿಕೆ ಎಲ್ಲೆಲ್ಲೂ ಓಡಾಡುತ್ತದೆ. ಎಷ್ಟು ಪದ ಗೊತ್ತು ಎಂಬ ಬಗೆಯ ಅಳತೆಗೆ ಅದು ಸಾಕು. ಆದರೆ ಯಾವ ಎರಡು ವರ್ಷದ ಮಗುವೂ ಬೆವರಿನ ವಾಸನೆಯಲ್ಲಿ ಒತ್ತಡ ಕಂಡುಹಿಡಿಯುವುದಿಲ್ಲ.

ಇನ್ನು ನಮ್ಮ ಅಂಕಪಟ್ಟಿ. ನಾವು ನಾಯಿಯಲ್ಲಿ ಚೆನ್ನಾಗಿ ನೋಡುವುದು ನಮ್ಮ ಹಾಗೆ ಕಾಣುವುದನ್ನು ಮಾತ್ರ. ಹುಬ್ಬಿನ ಒಳತುದಿಯನ್ನು ಮೇಲಕ್ಕೆತ್ತುವ ಒಂದು ಪುಟ್ಟ ಸ್ನಾಯು ನಾಯಿಗಳಲ್ಲಿ ಚೆನ್ನಾಗಿ ಬೆಳೆದಿದೆ, ತೋಳಗಳಲ್ಲಿ ಹಾಗಿಲ್ಲ ಎಂದು 2019ರಲ್ಲಿ ಜೂಲಿಯಾನೆ ಕಾಮಿನ್‌ಸ್ಕಿ ತಂಡ ತೋರಿಸಿತು. ಆ ಹುಬ್ಬು ಎದ್ದ ಕೂಡಲೇ ನಾವು ಕರಗುತ್ತೇವೆ. ಹುಬ್ಬಿನ ಕೆಳಗೆ ನಡೆಯುವುದು ಕಣ್ಣಿಗೇ ಬೀಳುವುದಿಲ್ಲ.

ಉದಾಹರಣೆಗೆ, ಮಗು ಹಿಂದಿನಿಂದ ನಾಯಿಯ ಕೊರಳು ತಬ್ಬಿಕೊಂಡ ಒಂದು ವಿಡಿಯೋ ತೆಗೆದುಕೊಳ್ಳಿ. ನಾಯಿಯ ಬಾಯಿ ಮುಚ್ಚಿದೆ. ಮುಖ ಅತ್ತ ತಿರುಗಿದೆ, ಆದರೆ ಕಣ್ಣು ಇತ್ತಲೇ ಇದೆ, ಹಾಗಾಗಿ ಕಣ್ಣಿನ ಬಿಳಿ ಅರ್ಧಚಂದ್ರದ ಹಾಗೆ ಕಾಣುತ್ತದೆ. ನಾಲಿಗೆಯ ತುದಿ ಒಂದು ಕ್ಷಣ ಮೂಗು ಮುಟ್ಟಿ ಒಳಗೆ ಹೋಗುತ್ತದೆ. ಮುಂಗಾಲು ಸ್ವಲ್ಪ ಎತ್ತಿದೆ. ನಿದ್ದೆಯ ಹೊತ್ತಲ್ಲದಿದ್ದರೂ ಆಕಳಿಸುತ್ತದೆ. ಇಷ್ಟೂ ‘ನನಗೆ ಇದು ಬೇಡ’ ಎಂಬ ಒಂದೇ ಮಾತು. ವಿಡಿಯೋಗೆ ಬರುವ ಕಾಮೆಂಟ್ ಮಾತ್ರ ‘ಎಷ್ಟು ಮುದ್ದು’. ಚಿಕ್ಕ ಮಕ್ಕಳಂತೂ ಹಲ್ಲು ಕಿರಿದ ನಾಯಿಯನ್ನು ನಗುತ್ತಿದೆ ಎಂದುಕೊಳ್ಳುವುದುಂಟು. ಅದಕ್ಕೇ ಮಗು ಮತ್ತು ನಾಯಿಯನ್ನು, ಅದು ಎಷ್ಟೇ ಸಾಧು ಆಗಿರಲಿ, ದೊಡ್ಡವರಿಲ್ಲದೆ ಬಿಡಬಾರದು.

ಬಾಲದ ಬಗ್ಗೆಯೂ ಇದೇ ಕಥೆ. ಬಾಲ ಅಲ್ಲಾಡಿದರೆ ಖುಷಿ ಎಂಬುದು ಅರ್ಧಸತ್ಯ. ಸೊಂಟದಿಂದ ಹಿಡಿದು ಇಡೀ ಮೈ ಬಳುಕುತ್ತಾ ಬಾಲ ಅಗಲವಾಗಿ ಬೀಸಿದರೆ ಖುಷಿ. ಮೈ ಬಿಗಿಯಾಗಿ, ಬಾಲ ನೆಟ್ಟಗೆ ಮೇಲೆದ್ದು ತುದಿ ಮಾತ್ರ ಬೇಗಬೇಗ ಅದುರುತ್ತಿದ್ದರೆ ಕೈ ಮುಂದೆ ಚಾಚಬೇಡಿ.

ಗುರುಗುಟ್ಟುವುದಕ್ಕೆ ಹೊಡೆಯುವುದು ಇದ್ದುದರಲ್ಲಿ ದೊಡ್ಡ ತಪ್ಪು. ಮುಖ ತಿರುಗಿಸಿ, ತುಟಿ ನೆಕ್ಕಿ, ಮೈ ಸೆಟೆಸಿ ಹೇಳಿದ್ದು ಯಾರಿಗೂ ಕೇಳದಿದ್ದಾಗ ನಾಯಿ ದನಿ ತೆಗೆಯುತ್ತದೆ. ಆ ದನಿಗೂ ಪೆಟ್ಟು ಬಿದ್ದರೆ ಹೆದರಿಕೆ ಹೋಗುವುದಿಲ್ಲ, ಎಚ್ಚರಿಕೆ ಮಾತ್ರ ಹೋಗುತ್ತದೆ. ‘ಏನೂ ಸೂಚನೆ ಕೊಡದೆ ಕಚ್ಚಿತು’ ಎನ್ನುವ ನಾಯಿಗಳಲ್ಲಿ ಹಲವು ಹೀಗೆ ತಯಾರಾದವು. ಗುರುಗುಟ್ಟಿದಾಗ ಮಾಡಬೇಕಾದ್ದು ಇಷ್ಟು: ಕೈ ನಿಲ್ಲಿಸಿ, ಪಕ್ಕಕ್ಕೆ ತಿರುಗಿ, ದೂರ ಸರಿಯಿರಿ. ಯಾವುದಕ್ಕೆ ಗುರುಗುಟ್ಟಿತು ಎಂಬುದನ್ನು ಬರೆದಿಟ್ಟುಕೊಳ್ಳಿ. ಮುಂಚೆ ಸುಮ್ಮನಿದ್ದ ನಾಯಿ ಮೈಯ ಒಂದೇ ಜಾಗ ಮುಟ್ಟಿದಾಗ ಗುರುಗುಟ್ಟತೊಡಗಿದರೆ ಮೊದಲು ಪಶುವೈದ್ಯರಿಗೆ ತೋರಿಸಿ; ಅದು ನೋವು ಇರಬಹುದು.

ಮುದ್ದು ಬೇಕೋ ಬೇಡವೋ ಎಂದು ನಾಯಿಯನ್ನೇ ಕೇಳಬಹುದು. ಮೇಲಿನಿಂದ ತಲೆ ಸವರಬೇಡಿ. ಪಕ್ಕದಿಂದ ಎದೆ ಅಥವಾ ಭುಜವನ್ನು ಮೂರು ಸೆಕೆಂಡ್ ಸವರಿ ಕೈ ತೆಗೆಯಿರಿ, ಕಾಯಿರಿ. ಮೈ ಒರಗಿಸಿದರೆ, ಮೂತಿಯಿಂದ ಕೈ ತಟ್ಟಿ ಕರೆದರೆ ಇನ್ನೂ ಬೇಕು ಅಂತ. ಹಾಗೇ ಕೂತರೆ, ಅತ್ತ ನೋಡಿದರೆ, ಎದ್ದು ಮೈ ಕೊಡವಿದರೆ ಬೇಡ ಅಂತ. ಸುಮ್ಮನಿದ್ದದ್ದನ್ನು ಒಪ್ಪಿಗೆ ಎಂದುಕೊಳ್ಳುವಲ್ಲೇ ಹೆಚ್ಚಿನವರು ಎಡವುವುದು.

ಮತ್ತೆ ಆ ದಿಂಬಿಗೆ ಬರೋಣ. ಬೈಯದೆ ಗುಡಿಸಿ ಹಾಕಿ. ಮರುದಿನ ಹೊರಗೆ ಹೋಗುವಾಗ ಹಳೆಯ ಫೋನನ್ನು ಕಪಾಟಿನ ಮೇಲಿಟ್ಟು ವಿಡಿಯೋ ಚಾಲೂ ಮಾಡಿ, ಮುಖ್ಯವಾಗಿ ಮೊದಲ ಅರ್ಧ ಗಂಟೆ ನೋಡಿ. ನೀವು ಹೋದ ಕೆಲವೇ ನಿಮಿಷಗಳಲ್ಲಿ ಏದುಸಿರು, ಜೊಲ್ಲು, ಊಳಿಡುವುದು, ಬಾಗಿಲು ಕೆರೆಯುವುದು ಶುರುವಾದರೆ ಅದು ಒಂಟಿತನದ ಭಯ. ಅದಕ್ಕೆ ಕೆಲವು ಸೆಕೆಂಡಿನಿಂದ ಶುರುಮಾಡಿ, ಭಯ ಏಳುವ ಮೊದಲೇ ವಾಪಸ್ ಬರುತ್ತಾ, ಅವಧಿಯನ್ನು ನಿಧಾನ ಹೆಚ್ಚಿಸುವ ಅಭ್ಯಾಸ ಬೇಕು, ಹೆಚ್ಚಾಗಿದ್ದರೆ ವೈದ್ಯರ ಔಷಧಿಯೂ ಬೇಕಾಗಬಹುದು. ಎರಡು ಗಂಟೆ ನಿದ್ದೆ ಹೊಡೆದು, ಎದ್ದು, ಮೈ ಮುರಿದು, ಆಮೇಲೆ ಆರಾಮಾಗಿ ದಿಂಬಿನ ಬಳಿ ನಡೆದರೆ ಅದಕ್ಕೆ ಬೇಜಾರು, ಅಷ್ಟೇ. ಹೊರಡುವ ಮುಂಚೆ ಮೂಸಿ ಮೂಸಿ ಸಾಗುವ ಒಂದು ಉದ್ದನೆಯ ನಡಿಗೆ, ಅಗಿಯಲು ಏನಾದರೂ ಕೊಟ್ಟು, ದಿಂಬನ್ನು ಒಳಗಿನ ಕೋಣೆಯಲ್ಲಿಟ್ಟು ಚಿಲಕ ಹಾಕಿ.