ಶ್ರಮದಾನ ಮುಗಿದ ಮೇಲೆ ಉಳಿಯುವ ಕೆಲಸ

ಸ್ಥಳೀಯ ಸಂಸ್ಥೆಯ ಪರವಾಗಿ ಹೊರವಲಯದ ಬಡಾವಣೆಗಳ ನಿವಾಸಿ ಸಂಘಗಳ ಜೊತೆಗೂಡಿ ಕೆಲಸ ಮಾಡುವುದು ನನ್ನ ಉದ್ಯೋಗ. ಪಾಳುಬಿದ್ದ ಉದ್ಯಾನವನ್ನೋ ಹೂಳು ತುಂಬಿದ ಚರಂಡಿಯನ್ನೋ ಸರಿಪಡಿಸಲು ಜನರನ್ನು ಸೇರಿಸುವುದೇ ಕಷ್ಟವೆಂದು ಹಲವರು ಭಾವಿಸುತ್ತಾರೆ. ನನ್ನ ಅನುಭವದಲ್ಲಿ ಅದು ಸುಲಭದ ಭಾಗ; ಸರಿಪಡಿಸಿದ್ದನ್ನು ಮರುದಿನದಿಂದ ಯಾರು ನೋಡಿಕೊಳ್ಳಬೇಕೆಂಬುದು ಇತ್ಯರ್ಥವಾಗದೆ ಉಳಿಯುವುದೇ ನಿಜವಾದ ತೊಡಕು.

ಎತ್ತಿದ ಹೂಳನ್ನು ಚರಂಡಿಯ ಅಂಚಿನಲ್ಲೇ ರಾಶಿ ಹಾಕಿದರೆ ಮೊದಲ ಜೋರುಮಳೆಗೇ ಅದು ಮತ್ತೆ ಒಳಗಿಳಿಯುತ್ತದೆ. ಆದ್ದರಿಂದ ಸಾಗಣೆಯ ವಾಹನ ಬರುವ ದಿನ ಖಚಿತವಾಗುವವರೆಗೆ ಯಾರೂ ಗುದ್ದಲಿ ಹಿಡಿಯುವುದು ಬೇಡವೆನ್ನುತ್ತೇನೆ. ಸಸಿಗಳ ವಿಷಯ ಇನ್ನೂ ಸೂಕ್ಷ್ಮ. ಬೇರು ಚೆನ್ನಾಗಿ ಹರಡಿಕೊಳ್ಳುವವರೆಗೆ, ಅಂದರೆ ಸಾಮಾನ್ಯವಾಗಿ ಮೊದಲ 2–3 ವರ್ಷ, ಒಣಹವೆಯಲ್ಲಿ ನೀರುಣಿಸಬೇಕು. ಬುಡಕ್ಕೆ ಹಾಕಿದ ತರಗೆಲೆ ಕಾಂಡಕ್ಕೆ ತಾಗಿಕೊಂಡಿದ್ದರೆ ತೇವ ನಿಂತು ತೊಗಟೆ ಕೊಳೆಯುತ್ತದೆ. ಆಸರೆಯ ಕೋಲಿಗೆ ಬಿಗಿದ ದಾರವನ್ನು ಸಡಿಲಿಸದಿದ್ದರೆ ದಪ್ಪವಾಗುತ್ತಿರುವ ಕಾಂಡವನ್ನೇ ಅದು ಕೊಯ್ಯತೊಡಗುತ್ತದೆ. ಇವೆಲ್ಲ ಕಣ್ಣಿಗೆ ಬೀಳುವುದು ದಿನವೂ ಅದೇ ದಾರಿಯಲ್ಲಿ ನಡೆಯುವವರಿಗೆ. ಹೀಗಾಗಿ ಸಸಿಯ ಹೊಣೆಯನ್ನು ಸಭೆಯಲ್ಲಿ ಮೊದಲು ಕೈಯೆತ್ತಿದವರಿಗಿಂತ ಎದುರುಮನೆಯವರಿಗೆ, ಅವರು ಒಪ್ಪಿದರೆ, ಹೆಸರು ಬರೆದುಕೊಂಡೇ ವಹಿಸುವುದು ಒಳ್ಳೆಯದು. ಉತ್ಸಾಹಿಗಳು ಬೇಸರಿಸಿಕೊಳ್ಳುತ್ತಾರೆ, ಅವರಿಗೆ ಬೇರೆ ಕೆಲಸ ಬೇಕಾದಷ್ಟಿದೆ.

ಕಸ ಎಸೆಯುವವರಿಗೆ ಮೊದಲ ಸಭೆಯಲ್ಲೇ ದಂಡ ನಿಗದಿಪಡಿಸಲು ಹೊರಡುವ ಸಂಘಗಳೂ ಉಂಟು. ಕಾಡು, ನೀರಾವರಿ, ಮೀನುಗಾರಿಕೆಯಂಥ ಸಾಮುದಾಯಿಕ ಸಂಪನ್ಮೂಲಗಳನ್ನು ಜನ ಹೇಗೆ ನಿರ್ವಹಿಸುತ್ತಾರೆಂದು ಅಧ್ಯಯನ ಮಾಡಿ 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಎಲಿನಾರ್ ಆಸ್ಟ್ರಮ್ ಅವರು, ದೀರ್ಘಕಾಲ ಬಾಳಿದ ವ್ಯವಸ್ಥೆಗಳಲ್ಲಿ ಬಳಕೆದಾರರೇ ನಿಯಮ ರೂಪಿಸುವಲ್ಲಿ ಪಾಲ್ಗೊಳ್ಳುವುದನ್ನೂ ದಂಡನೆ ಹಗುರವಾಗಿ ಆರಂಭವಾಗಿ ಹಂತಹಂತವಾಗಿ ಏರುವುದನ್ನೂ ಗುರುತಿಸಿದ್ದರು. ಬಡಾವಣೆಯಲ್ಲಿ ಆ ಮೊದಲ ಹಂತವೆಂದರೆ ಪಕ್ಕದ ಮನೆಯವರು ಹೋಗಿ ಮಾತನಾಡುವುದು. ಹೆಚ್ಚಿನ ಪ್ರಕರಣಗಳು ಅಲ್ಲಿಗೇ ಮುಗಿಯುವುದನ್ನು ಕಂಡಿದ್ದೇನೆ.

ಆದರೆ ವಿದ್ಯುತ್ ಕಂಬವನ್ನೂ ಮ್ಯಾನ್‌ಹೋಲನ್ನೂ ನಿವಾಸಿಗಳು ಮುಟ್ಟಲೇಬಾರದು. ಮ್ಯಾನ್‌ಹೋಲಿನ ವಿಷಾನಿಲ ನಿಮಿಷಗಳಲ್ಲಿ ಜೀವ ತೆಗೆಯಬಲ್ಲದು. ಅಂಥ ಕೆಲಸಕ್ಕೆ ದೂರು ಸಲ್ಲಿಸಿ, ದೂರಿನ ಸಂಖ್ಯೆ, ದಿನಾಂಕ ಮತ್ತು ಬೆನ್ನುಹತ್ತುವವರ ಹೆಸರನ್ನು ಸಂಘದ ಪುಸ್ತಕದಲ್ಲಿ ದಾಖಲಿಸಬೇಕು. ಪದಾಧಿಕಾರಿಗಳು ಬದಲಾದಾಗ ಲೆಕ್ಕಪತ್ರದೊಂದಿಗೆ ಈ ಪುಸ್ತಕವನ್ನೂ ಹಸ್ತಾಂತರಿಸಬೇಕು. ಇಲ್ಲದಿದ್ದರೆ ಹೊಸಬರು ಅದೇ ದೂರನ್ನು ಮೊದಲಿನಿಂದ ಬರೆಯುತ್ತಾರೆ.