ಹುಣಸೆಮರದ ಪಕ್ಕದ ಮೋರಿ

ಊರಿಗೆ ಹೋಗಿದ್ದೆ. ಅವತ್ತೇ ಗ್ರಾಮಸಭೆ ಇತ್ತು. ಅಪ್ಪನ ಜೊತೆ ಸುಮ್ನೆ ಹೋಗಿ ಹಿಂದೆ ಕೂತೆ.

ಹೊಸ ರಸ್ತೆಗೆ ಮೋರಿ ಎಲ್ಲಿ ಹಾಕಬೇಕು ಅನ್ನೋ ಮಾತು ಬಂತು. ನಕ್ಷೆಯಲ್ಲಿ ಶಾಲೆ ಹತ್ತಿರ ಗುರುತು ಇತ್ತು. ನಮ್ಮ ಬೀದಿಯ ಅಜ್ಜಿಯೊಬ್ಬರು ಎದ್ದು ನಿಂತರು. "ಅಲ್ಲಿ ನೀರೇ ಬರಲ್ಲ ಕಣಪ್ಪ. ಜೋರು ಮಳೆ ಹೊಡೆದ್ರೆ ಕೆರೆ ಕೋಡಿ ನೀರು ಹುಣಸೆಮರದ ಪಕ್ಕ ಹಾಯ್ದು ಬರ್ತದೆ. ಅಲ್ಲಿ ಹಾಕಿ" ಅಂದರು. ಹಿಂದಿನಿಂದ ಇನ್ನಿಬ್ಬರು ದನಿಗೂಡಿಸಿದರು. ನೀರು ಎಷ್ಟು ಎತ್ತರ ಏರುತ್ತದೆ ಅಂತ ಒಬ್ಬರಿಗೆ ಗೊತ್ತಿತ್ತು. ಹಳೇ ಕಾಲುವೆ ಎಲ್ಲಿ ಮುಚ್ಚಿಹೋಗಿದೆ ಅಂತ ಇನ್ನೊಬ್ಬರಿಗೆ. ಎಂಜಿನಿಯರ್ ಪೆನ್ಸಿಲ್ ತೆಗೆದು ಅಲ್ಲೇ ಹೊಸ ಗುರುತು ಹಾಕಿಕೊಂಡರು. ನನಗೆ ತುಂಬಾ ಖುಷಿಯಾಯ್ತು.

1993ರ ನಮ್ಮ ಪಂಚಾಯತ್ ಕಾಯ್ದೆ ಪ್ರಕಾರ ಗ್ರಾಮಸಭೆ ಆರು ತಿಂಗಳಿಗೆ ಒಮ್ಮೆಯಾದರೂ ಸೇರಲೇಬೇಕು. ವಾರ್ಡ್ ಸಭೆಯೂ ಅಷ್ಟೇ. ಮತದಾರರ ಪಟ್ಟಿಯಲ್ಲಿ ಹೆಸರಿದ್ದರೆ ಸಾಕು, ನಾವೂ ಅದರ ಸದಸ್ಯರೇ. ಗೆದ್ದವರಿಗೆ ಮಾತ್ರ ಸೇರಿದ್ದಲ್ಲ ಅದು.

ಆದರೆ ಬಂದವರು ಅರವತ್ತು ಜನ ಇರಬಹುದು, ಅಷ್ಟೇ. ಬೆಳಿಗ್ಗೆ ಹನ್ನೊಂದಕ್ಕೆ ಸಭೆ ಇಟ್ಟರೆ ಕೂಲಿಗೆ ಹೋಗೋರು ಹೇಗೆ ಬರ್ತಾರೆ? ಗದ್ದೆ, ನೀರು, ದಾರಿ ಇದೆಲ್ಲ ಜಾಸ್ತಿ ಗೊತ್ತಿರೋದು ಅವರಿಗೇ ಅಲ್ವಾ? ಒಂದು ದಿನದ ಕೂಲಿ ಬಿಟ್ಟು ಬನ್ನಿ ಅನ್ನೋದು ನ್ಯಾಯ ಅಲ್ಲ.

ಮುಂದಿನ ಸಭೆ ಸಂಜೆ ಇಡಿ ಅಂತ ಅಪ್ಪ ಪಂಚಾಯ್ತಿಗೆ ಅರ್ಜಿ ಬರೆದಿದ್ದಾರೆ. ನನ್ನ ವೋಟು ಇನ್ನೂ ಊರಲ್ಲೇ ಇದೆ. ನಾನೂ ಸಹಿ ಹಾಕಿ ಬಸ್ ಹತ್ತಿದೆ.