ಏಣಿಯಿಂದ ಬಿದ್ದು ‘ಏನೂ ಆಗಿಲ್ಲ’ ಎನ್ನುವವರು

ಮೆಣಸು ಕೊಯ್ಲಿನ ತಿಂಗಳುಗಳಲ್ಲಿ ಕೊಡಗಿನ ಆಸ್ಪತ್ರೆಗಳಿಗೆ ಬರುವ ಗಾಯಾಳುಗಳಲ್ಲಿ ಸಿಲ್ವರ್ ಓಕ್ ಮರಕ್ಕೆ ಆನಿಸಿದ ಏಣಿಯಿಂದ ಬಿದ್ದವರು ಇದ್ದೇ ಇರುತ್ತಾರೆ. ಅವರಲ್ಲಿ ನೋವಿನಿಂದ ಕೂಗುವವರಿಗಿಂತ, ಮೈಮೇಲೆ ದೊಡ್ಡ ಗಾಯವಿಲ್ಲದೆ “ಏನೂ ಆಗಿಲ್ಲ ಡಾಕ್ಟ್ರೇ, ಸ್ವಲ್ಪ ಸುಸ್ತು ಅಷ್ಟೆ” ಎನ್ನುವವರ ಬಗ್ಗೆಯೇ ವೈದ್ಯನಾಗಿ ನನಗೆ ಹೆಚ್ಚು ಆತಂಕ.

ಗಾಯಾಳುಗಳ ಸಾವುಗಳನ್ನು ಒಂದೊಂದಾಗಿ ಮರುಪರಿಶೀಲಿಸಿದ ವೈದ್ಯರು ಅನೇಕ ದೇಶಗಳಲ್ಲಿ ಕಂಡುಕೊಂಡಿರುವಂತೆ, ತಪ್ಪಿಸಬಹುದಾಗಿದ್ದ ಸಾವುಗಳಿಗೆ ಮುಖ್ಯ ಕಾರಣ ಸಮಯಕ್ಕೆ ಗುರುತಿಸದ, ಇಲ್ಲವೇ ಗುರುತಿಸಿಯೂ ತಡವಾಗಿ ನಿಲ್ಲಿಸಿದ ರಕ್ತಸ್ರಾವ. ವಯಸ್ಕರ ದೇಹದಲ್ಲಿರುವ ಸುಮಾರು 5 ಲೀಟರ್ ರಕ್ತದಲ್ಲಿ ಒಂದೂವರೆ ಲೀಟರಿನಷ್ಟು ಹೊಟ್ಟೆಯೊಳಗೋ ಮುರಿದ ಸೊಂಟದ ಮೂಳೆಯ ಸುತ್ತಲೋ ಸೋರಿಹೋಗುವವರೆಗೂ ಗಟ್ಟಿಮುಟ್ಟಾದ ಯುವಕನ ರಕ್ತದೊತ್ತಡ ಸರಿಯಾಗಿಯೇ ಕಾಣಬಹುದು; ಅದಕ್ಕೂ ಮೊದಲೇ ನಾಡಿ ವೇಗಗೊಂಡು, ಕೈಕಾಲು ತಣ್ಣಗಾಗಿ, ಚಡಪಡಿಕೆ ಶುರುವಾಗಿರುತ್ತದೆ. ಬಂದ ಕೂಡಲೇ ಮಾಡಿದ ಸ್ಕ್ಯಾನಿಂಗಿನಲ್ಲಿ ಕಾಣದ ರಕ್ತ ಒಂದು ಗಂಟೆಯ ನಂತರ ಕಾಣಿಸಬಹುದು. ಆದ್ದರಿಂದ ಒಮ್ಮೆ ಬಿ.ಪಿ. ನೋಡಿ ವಾರ್ಡಿಗೆ ಕಳುಹಿಸುವುದನ್ನು ನಾನು ಪರೀಕ್ಷೆಯೆಂದು ಒಪ್ಪುವುದಿಲ್ಲ.

ವಯಸ್ಸಾದವರಲ್ಲಿ ಈ ಲಕ್ಷಣಗಳೂ ಮೋಸ ಮಾಡುತ್ತವೆ. ಬಿ.ಪಿ.ಗೆಂದು ಕೆಲವು ಬಗೆಯ ಮಾತ್ರೆ ತೆಗೆದುಕೊಳ್ಳುವವರ ನಾಡಿ, ರಕ್ತ ಹೋದರೂ ಏರುವುದಿಲ್ಲ. ಸದಾ ಬಿ.ಪಿ. 150 ಇರುವವರಿಗೆ 110 ಎಂಬುದು ಕುಸಿತವೇ ಆಗಿರಬಹುದು. ರಕ್ತ ತೆಳುವಾಗಿಸುವ ಔಷಧಿ ಸೇವಿಸುವವರಿಗೆ ಮಿದುಳಿನಲ್ಲಿ ರಕ್ತ ಸೋರಲು ತಲೆಗೆ ತಗಲಿದ ಸಣ್ಣ ಪೆಟ್ಟೂ ಸಾಕು. ಇನ್ನು, ಮದ್ಯದ ವಾಸನೆ ಬಂದರೆ ಮಂಪರಿಗೆಲ್ಲ ಕುಡಿತವೇ ಕಾರಣವೆಂದು ಮೂಲೆಯಲ್ಲಿ ಮಲಗಿಸುವುದಂತೂ ಅಕ್ಷಮ್ಯ; ಮಿದುಳಿನ ರಕ್ತಸ್ರಾವವೂ ಹಾಗೆಯೇ ಕಾಣುತ್ತದೆ, ಅಂಗಾತ ಮಲಗಿದವನ ನಾಲಿಗೆಯೋ ವಾಂತಿಯೋ ಉಸಿರಿನ ದಾರಿಯನ್ನೇ ಮುಚ್ಚುತ್ತದೆ.

ನಮ್ಮ ಜಿಲ್ಲೆಯಲ್ಲಿ ಮಳೆಯನ್ನೂ ಲೆಕ್ಕಕ್ಕೆ ಹಿಡಿಯಬೇಕು. ಆಷಾಢದ ಮಳೆಯಲ್ಲಿ ನೆನೆದ ಬಟ್ಟೆಯಲ್ಲೇ ಜೀಪಿನಲ್ಲಿ ಬಂದವರ ಮೈಬಿಸಿ 35 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದರೆ ರಕ್ತ ಹೆಪ್ಪುಗಟ್ಟುವ ಶಕ್ತಿ ಕುಗ್ಗಿ, ನಿಲ್ಲಬೇಕಾದ ರಕ್ತ ನಿಲ್ಲುವುದಿಲ್ಲ. ಒದ್ದೆ ಬಟ್ಟೆ ತೆಗೆದು ಕಂಬಳಿ ಹೊದಿಸುವುದು ಚಿಕಿತ್ಸೆಯ ಭಾಗವೇ.

ದೊಡ್ಡ ಆಸ್ಪತ್ರೆಗೆ ಕಳುಹಿಸಬೇಕಾದರೆ ಮಡಿಕೇರಿಯಿಂದ ಮೈಸೂರಿಗೆ ಸುಮಾರು 120 ಕಿಲೋಮೀಟರ್. ಮಂಗಳೂರಿಗಾದರೆ ಸಂಪಾಜೆ ಘಾಟಿ ಇಳಿಯಬೇಕು. ಹೊರಡುವ ಮುನ್ನ ಏನು ಮಾಡಿದೆವು ಎಂಬುದರ ಮೇಲೆ ಆ ದಾರಿಯಲ್ಲಿ ಜೀವ ಉಳಿಯುವುದು ನಿಂತಿದೆ. ಇಪ್ಪತ್ತು ಸಾವಿರಕ್ಕೂ ಹೆಚ್ಚು ಗಾಯಾಳುಗಳ ಮೇಲೆ ನಡೆದು 2010ರಲ್ಲಿ ಪ್ರಕಟವಾದ ಕ್ರ್ಯಾಶ್-2 ಅಧ್ಯಯನವು ರಕ್ತದ ಹೆಪ್ಪು ಕರಗದಂತೆ ತಡೆಯುವ ಟ್ರಾನೆಕ್ಸಾಮಿಕ್ ಆಮ್ಲದ ಚುಚ್ಚುಮದ್ದು ಸಾವುಗಳನ್ನು ಕಡಿಮೆ ಮಾಡುತ್ತದೆಂದು ತೋರಿಸಿತು. ಆದರೆ ಪೆಟ್ಟಾದ 3 ಗಂಟೆಯೊಳಗೆ ಕೊಟ್ಟರೆ ಮಾತ್ರ ಪ್ರಯೋಜನ, ತಡವಾದರೆ ಹಾನಿಯೂ ಆಗಬಹುದು. ಹಾಗಾಗಿ ಅದನ್ನು ದೊಡ್ಡ ಆಸ್ಪತ್ರೆಯವರು ಕೊಡಲಿ ಎಂದು ಬಿಡುವಂತಿಲ್ಲ. ಎದೆಗೂಡಿನಲ್ಲಿ ಗಾಳಿ ತುಂಬಿ ಶ್ವಾಸಕೋಶ ಒತ್ತಿಕೊಂಡಿದ್ದರೆ ಕೊಳವೆ ಹಾಕಿಯೇ ಕಳುಹಿಸಬೇಕು.

ಜೊತೆಯಲ್ಲಿ ಬರುವ ತೋಟದವರಲ್ಲಿ, ಮನೆಯವರಲ್ಲಿ ನನ್ನ ಕೋರಿಕೆ ಇಷ್ಟೆ: ಎಷ್ಟು ಗಂಟೆಗೆ, ಎಷ್ಟು ಎತ್ತರದಿಂದ ಬಿದ್ದರು ಎಂಬುದನ್ನು ಚೀಟಿಯಲ್ಲಿ ಬರೆದು, ದಿನವೂ ನುಂಗುವ ಮಾತ್ರೆಗಳ ಪಟ್ಟಿಯೊಂದಿಗೆ ಮೊದಲು ಸಿಗುವ ನರ್ಸ್ ಕೈಗೆ ಕೊಡಿ.